ಮೂರನೇ ಡಾಕ್ಟರ ಕೈಗುಣ

ಪ್ರಶ್ನೆ: ನಾವು ತುಮಕೂರು ಕಡೆಯವರು. ಆರು ತಿಂಗಳ ಹಿಂದೆ ಬೆಂಗಳೂರಿನ ಹೊರವಲಯದ ಬಾಡಿಗೆ ಮನೆಗೆ ಬಂದೆವು. ಹೋದ ತಿಂಗಳು ನಮ್ಮ ಯಜಮಾನರಿಗೆ ಜೋರು ಜ್ವರ ಬಂತು. ಮೊದಲ ದಿನ ಬೀದಿ ಕೊನೆಯ ಕ್ಲಿನಿಕ್‌ನಲ್ಲಿ ಸೂಜಿ ಹಾಕಿಸಿದೆವು. ಕಡಿಮೆಯಾಗಲಿಲ್ಲ. ಮೂರನೇ ದಿನ ಇನ್ನೊಬ್ಬ ಡಾಕ್ಟರು ವೈಡಾಲ್ ಪರೀಕ್ಷೆ ಮಾಡಿಸಿ, ಟೈಫಾಯ್ಡ್ ಇದೆ ಅಂತ ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಭಯವಾಗಿ ನಾಲ್ಕನೇ ದಿನ ದೊಡ್ಡ ಆಸ್ಪತ್ರೆಯ ಸ್ಪೆಷಲಿಸ್ಟ್ ಹತ್ತಿರ ಹೋದೆವು. ಮಾರನೇ ದಿನವೇ ಜ್ವರ ಬಿಟ್ಟಿತು. ಒಟ್ಟು ಖರ್ಚು ಒಂಬತ್ತು ಸಾವಿರ ದಾಟಿತು. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಮಾವ ಇದ್ದಾರೆ, ಆರು ವರ್ಷದ ಮಗಳಿದ್ದಾಳೆ. ಮುಂದಿನ ಸಲ ನೇರವಾಗಿ ಸ್ಪೆಷಲಿಸ್ಟ್ ಹತ್ತಿರವೇ ಹೋಗಿಬಿಡಬೇಕಾ? ಜ್ವರಕ್ಕೆ ಸರಿಯಾದ ಡಾಕ್ಟರು ಯಾರು ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ?

ಉತ್ತರ: ಮೊದಲು ಆ ಮೂರನೇ ಡಾಕ್ಟರ ಕೈಗುಣದ ಗುಟ್ಟು ಹೇಳಿಬಿಡುತ್ತೇನೆ.

ನಮ್ಮೂರುಗಳಲ್ಲಿ ಬರುವ ಜ್ವರಗಳಲ್ಲಿ ಬಹುಪಾಲು ವೈರಲ್ ಜ್ವರ. ಮೂರರಿಂದ ಐದು ದಿನ ಮೈ ಸುಟ್ಟು, ತಾನಾಗಿಯೇ ಬಿಡುತ್ತವೆ. ಮೊದಲ ದಿನ ನೋಡಿದ ಡಾಕ್ಟರ ಮಾತ್ರೆಗೆ ಜ್ವರ ಜಗ್ಗುವುದಿಲ್ಲ, ಅವರಿಗೆ ಕೆಟ್ಟ ಹೆಸರು. ನಾಲ್ಕನೇ ದಿನ ನೋಡಿದವರು ಏನೇ ಕೊಟ್ಟರೂ ಮಾರನೇ ದಿನ ಜ್ವರ ಇಳಿದಿರುತ್ತದೆ, "ಅವರ ಕೈಗುಣ ಚೆನ್ನಾಗಿದೆ" ಅಂತ ಊರೆಲ್ಲ ಮಾತಾಗುತ್ತದೆ. ನನಗೂ ಹೀಗೆ ಎಷ್ಟೋ ಸಲ ಪುಕ್ಕಟೆ ಹೆಸರು ಬಂದಿದೆ. ಬೇಡ ಅಂತ ನಾನೂ ಹೇಳಲಿಲ್ಲ ಅನ್ನಿ.

ಹಾಗಾಗಿ ಜ್ವರ ಯಾರ ಕೈಯಲ್ಲಿ ಬಿಟ್ಟಿತು ಅನ್ನುವುದನ್ನು ನೋಡಿ ಡಾಕ್ಟರನ್ನು ಆರಿಸಬೇಡಿ. ಮುಂದಿನ ಸಲ ಮೊದಲ ದಿನವೇ ಆ ಸ್ಪೆಷಲಿಸ್ಟ್ ಹತ್ತಿರ ಓಡಿದರೆ, ಅವರ ಮಾತ್ರೆಗೂ ಜ್ವರ ಮೂರು ದಿನ ಜಗ್ಗುವುದಿಲ್ಲ. ಆಗ ನಾಲ್ಕನೇ ಡಾಕ್ಟರನ್ನು ಹುಡುಕುತ್ತೀರಿ.

ನನ್ನ ಪ್ರಕಾರ ಜ್ವರಕ್ಕೆ ಸರಿಯಾದ ಡಾಕ್ಟರು ಅಂದರೆ ನಿಮ್ಮನ್ನು ಎರಡನೇ ಸಲವೂ ನೋಡುವವರು. ಮೂಳೆ ಮುರಿದರೆ ಎಕ್ಸ್‌ರೇಯಲ್ಲಿ ಆ ಗಳಿಗೆಯಲ್ಲೇ ಕಾಣುತ್ತದೆ. ಜ್ವರ ಹಾಗಲ್ಲ. ಮೊದಲ ದಿನ ಡೆಂಗಿ, ಫ್ಲೂ, ಟೈಫಾಯ್ಡ್, ಇಲಿ ಜ್ವರ ಎಲ್ಲವೂ ಒಂದೇ ಥರ ಇರುತ್ತವೆ: ಮೈಕೈ ನೋವು, ತಲೆನೋವು, ಸುಸ್ತು. ಮೂರನೇ ದಿನದ ಹೊತ್ತಿಗೆ ಒಂದೊಂದಾಗಿ ಗುರುತು ಬಿಟ್ಟುಕೊಡುತ್ತವೆ. ಮೊದಲ ದಿನ ನೋಡಿದವರೇ ಮೂರನೇ ದಿನವೂ ನೋಡಿದರೆ ಏನು ಬದಲಾಗಿದೆ ಅಂತ ಗೊತ್ತಾಗುತ್ತದೆ. ನಾಡಿ ಜಾಸ್ತಿಯಾಗಿದೆಯಾ, ಹೊಟ್ಟೆ ಮುಟ್ಟಿದರೆ ನೋವಿದೆಯಾ, ಮೊನ್ನೆ ನಗುತ್ತಾ ಮಾತಾಡಿದವರು ಇವತ್ತು ಮಂಕಾಗಿದ್ದಾರಾ. ನೀವು ಡಾಕ್ಟರನ್ನು ಬದಲಾಯಿಸಿದಷ್ಟೂ ಸಲ ಇದೆಲ್ಲ ಮತ್ತೆ ಮೊದಲಿನಿಂದ ಶುರು. ಹೊಸಬರಿಗೆ ಹಳೆಯದು ಗೊತ್ತಿಲ್ಲ. ಅದಕ್ಕೇ ಅವರು ಮತ್ತೆ ಅದೇ ರಕ್ತ ಪರೀಕ್ಷೆ ಬರೆಯುತ್ತಾರೆ, ಮಾತ್ರೆ ಬದಲಾಯಿಸುತ್ತಾರೆ. ನಿಮ್ಮ ಒಂಬತ್ತು ಸಾವಿರದಲ್ಲಿ ಒಂದಷ್ಟು ಹೋಗಿರುವುದು ಹೀಗೇ.

ಇಂಥವರಾಗಲು ದೊಡ್ಡ ಡಿಗ್ರಿ ಬೇಕಿಲ್ಲ. ಮನೆಗೆ ಹತ್ತಿರ ಇರುವ, ಸಂಜೆಯೂ ಸಿಗುವ ಒಬ್ಬ ಎಂಬಿಬಿಎಸ್ ಡಾಕ್ಟರು ಸಾಕು. ಎಂಡಿ ಜನರಲ್ ಮೆಡಿಸಿನ್ ಮಾಡಿದ ಫಿಸಿಶಿಯನ್ ಸಿಕ್ಕರೆ ಇನ್ನೂ ಒಳ್ಳೆಯದು. ಕೆಲವರು ಎದೆ ಬಡಿತ ಜೋರಾಯಿತು ಅಂತ ಹೃದಯದ ಡಾಕ್ಟರ ಹತ್ತಿರ, ತಲೆ ಸಿಡಿಯುತ್ತಿದೆ ಅಂತ ನರರೋಗ ತಜ್ಞರ ಹತ್ತಿರ ಹೋಗುತ್ತಾರೆ. ಜ್ವರ ಬಂದಾಗ ಅವೆರಡೂ ಇದ್ದದ್ದೇ. ಅಲ್ಲಿ ಸರದಿಯಲ್ಲಿ ಕೂತು ಸುಮ್ನೆ ಅರ್ಧ ದಿನ ಕಳೆಯುತ್ತೀರಿ, ಅಷ್ಟೇ.

ಈಗ ಸೂಜಿ ವಿಷಯ. ಸೂಜಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲ ಅನ್ನುವ ನಂಬಿಕೆ ನಮ್ಮ ಜನರಲ್ಲಿ ಗಟ್ಟಿಯಾಗಿದೆ. ಹಳ್ಳಿಯಲ್ಲಿ ಕೆಲಸ ಮಾಡುವಾಗ ಸೂಜಿ ಹಾಕಲಿಲ್ಲ ಅಂತ ಬೈದುಕೊಂಡು ಹೋದವರನ್ನು ನೋಡಿದ್ದೇನೆ. ಜ್ವರಕ್ಕೆ ಸೊಂಟಕ್ಕೆ ಚುಚ್ಚುವುದು ಹೆಚ್ಚಾಗಿ ಪ್ಯಾರಾಸಿಟಮಾಲ್, ಇಲ್ಲವೇ ಡೈಕ್ಲೋಫೆನಾಕ್. ಮಾತ್ರೆ ಮಾಡುವುದಕ್ಕಿಂತ ಜಾಸ್ತಿ ಏನೂ ಅದು ಮಾಡುವುದಿಲ್ಲ. ಡೆಂಗಿ ಇದ್ದರಂತೂ ಡೈಕ್ಲೋಫೆನಾಕ್, ಐಬುಪ್ರೊಫೇನ್, ಮೆಫೆನಮಿಕ್ ಆ್ಯಸಿಡ್, ಆಸ್ಪಿರಿನ್ ಇಂಥ ನೋವಿನ ಔಷಧಗಳು ಅಪಾಯ, ರಕ್ತಸ್ರಾವ ಹೆಚ್ಚಿಸಬಹುದು. ಡೆಂಗಿ ಅಲ್ಲ ಅಂತ ಮೊದಲ ದಿನ ಯಾರೂ ಎದೆ ತಟ್ಟಿ ಹೇಳಲಾರರು. ಹಾಗಾಗಿ ಮಳೆಗಾಲದ ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್ ಬರೆದು, "ನೀರು, ಗಂಜಿ, ಎಳನೀರು ಚೆನ್ನಾಗಿ ಕೊಡಿ, ನಾಡಿದ್ದು ಬಂದು ತೋರಿಸಿ" ಅಂತ ಕಳಿಸುವವರು ಏನೂ ಮಾಡಲಿಲ್ಲ ಅಂದುಕೊಳ್ಳಬೇಡಿ. ಅಷ್ಟಕ್ಕೇ ನಿಲ್ಲುವುದಕ್ಕೂ ಧೈರ್ಯ ಬೇಕು. ನೀವು ಮುಖ ಸಿಂಡರಿಸಿಕೊಂಡು ಪಕ್ಕದ ಬೀದಿಗೆ ಹೋಗುತ್ತೀರಿ ಅಂತ ಅವರಿಗೂ ಗೊತ್ತಿರುತ್ತದೆ.

ಎರಡನೇ ಡಾಕ್ಟರು ಹೇಳಿದ ಟೈಫಾಯ್ಡ್ ಬಗ್ಗೆ ನನಗೆ ಅನುಮಾನ ಇದೆ. ವೈಡಾಲ್ ಪರೀಕ್ಷೆ ನೋಡುವುದು ರೋಗಾಣುವನ್ನಲ್ಲ, ರೋಗಾಣುವಿನ ವಿರುದ್ಧ ಮೈ ತಯಾರಿಸಿ ನಮ್ಮ ರಕ್ತದಲ್ಲಿ ಇಟ್ಟುಕೊಂಡಿರುವ ಪ್ರತಿಕಾಯಗಳನ್ನು. ಹಿಂದೆ ಯಾವಾಗಲೋ ಟೈಫಾಯ್ಡ್ ಬಂದು ಹೋಗಿದ್ದರೂ, ಲಸಿಕೆ ಹಾಕಿಸಿಕೊಂಡಿದ್ದರೂ, ಕೆಲವು ಸಲ ಬೇರೆ ಜ್ವರ ಇದ್ದರೂ ಅದು ಪಾಸಿಟಿವ್ ಬರುತ್ತದೆ. ನಿಜವಾಗಿ ಟೈಫಾಯ್ಡ್ ಇದ್ದರೆ ಮೊದಲ ವಾರದಲ್ಲಿ ಎಷ್ಟೋ ಸಲ ನೆಗೆಟಿವ್ ಬರುತ್ತದೆ. ಮೂರನೇ ದಿನ ಮಾಡಿದ ಒಂದೇ ಒಂದು ವೈಡಾಲ್ ನಂಬಿ ಟೈಫಾಯ್ಡ್ ಅನ್ನುವುದು ಸರಿಯಲ್ಲ. ಅನುಮಾನ ಬಂದರೆ ಮಾಡಬೇಕಾದ್ದು ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯಾ ಅಂತ ಬೆಳೆಸಿ ನೋಡುವ ಪರೀಕ್ಷೆ), ಅದೂ ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ. ವರದಿ ಬರಲು ಎರಡು ಮೂರು ದಿನ ಹಿಡಿಯುತ್ತದೆ, ಖರ್ಚೂ ಜಾಸ್ತಿ. ಅದಕ್ಕೇ ಜನ ವೈಡಾಲ್‌ಗೆ ಬೀಳುತ್ತಾರೆ. ಇನ್ನೊಂದು ಮಾತು. ಟೈಫಾಯ್ಡ್ ಸರಿಯಾದ ಔಷಧಕ್ಕೂ ಎರಡು ದಿನದಲ್ಲಿ ಬಿಡುವುದು ಕಡಿಮೆ, ಸಾಮಾನ್ಯವಾಗಿ ನಾಲ್ಕೈದು ದಿನ ಬೇಕು. ನಿಮ್ಮ ಯಜಮಾನರಿಗೆ ಐದನೇ ದಿನಕ್ಕೇ ಜ್ವರ ಬಿಟ್ಟಿದೆ. ಚೀಟಿಗಳನ್ನು ನೋಡದೆ ಖಚಿತವಾಗಿ ಹೇಳಲಾರೆ. ಆದರೂ ಅದು ವೈರಲ್ ಜ್ವರವೇ ಇದ್ದಿರಬೇಕು.

ಡೆಂಗಿ ಪರೀಕ್ಷೆಗೂ ದಿನದ ಲೆಕ್ಕ ಇದೆ. ಎನ್‌ಎಸ್‌1 ಮೊದಲ ಐದು ದಿನದ ಪರೀಕ್ಷೆ, ರಕ್ತದಲ್ಲಿ ಡೆಂಗಿ ವೈರಸ್ಸಿನ ಅಂಶವನ್ನೇ ಹುಡುಕುತ್ತದೆ. ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ ಐದನೇ ದಿನದ ಮೇಲೆ. "ಜ್ವರ ಯಾವತ್ತು, ಎಷ್ಟು ಹೊತ್ತಿಗೆ ಶುರುವಾಯಿತು?" ಅಂತ ಕೇಳದೇ ಪರೀಕ್ಷೆ ಬರೆಯುವವರು ಚೀಟಿ ತುಂಬಿಸುತ್ತಿದ್ದಾರೆ ಅಷ್ಟೇ. ದುಡ್ಡಿನ ವಿಷಯವೂ ತಿಳಿದಿರಲಿ. 2024ರ ಜುಲೈನಲ್ಲಿ ಡೆಂಗಿ ಜೋರಾಗಿದ್ದಾಗ ಕರ್ನಾಟಕ ಸರ್ಕಾರ ಖಾಸಗಿ ಆಸ್ಪತ್ರೆ, ಲ್ಯಾಬ್‌ಗಳಿಗೆ ದರದ ಮಿತಿ ಹಾಕಿತು. ಲ್ಯಾಬ್ ಯಂತ್ರದಲ್ಲಿ ಮಾಡುವ ಎಲೈಸಾ ವಿಧಾನದ ಎನ್‌ಎಸ್‌1ಗೆ 300 ರೂಪಾಯಿ, ಐಜಿಎಂಗೆ 300, ಬೇಗ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಗೆ 250. ಬಿಲ್ ಇದಕ್ಕಿಂತ ತುಂಬ ಮೇಲಿದ್ದರೆ ಯಾಕೆ ಅಂತ ಕೇಳಿ.

ಒಳ್ಳೆಯ ಡಾಕ್ಟರ ಗುರುತು ಅವರು ಬರೆಯುವುದಕ್ಕಿಂತ ಅವರು ಕೇಳುವುದರಲ್ಲಿ, ಮುಟ್ಟಿ ನೋಡುವುದರಲ್ಲಿ ಜಾಸ್ತಿ ಸಿಗುತ್ತದೆ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಎಂಬಿಬಿಎಸ್ ಮುಗಿಸಿದ ಹೊಸದರಲ್ಲಿ ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೆ. ಅಡಿಕೆ ತೋಟದ ಕೂಲಿಯವರೊಬ್ಬರು ಆರು ದಿನದ ಜ್ವರ ಅಂತ ಬಂದರು. ನಾನು ಕುರ್ಚಿಯಿಂದ ಏಳಲಿಲ್ಲ. ನಾಲಿಗೆ ನೋಡಿದೆ, ಎದೆಗೆ ಸ್ಟೆತೊಸ್ಕೋಪ್ ಇಟ್ಟೆ, ಮಾತ್ರೆ ಬರೆದೆ. ಎರಡು ದಿನ ಬಿಟ್ಟು ಮತ್ತೆ ಬಂದರು, ಉಸಿರು ಏದುತ್ತಿತ್ತು. ಮಲಗಿಸಿ ಬಟ್ಟೆ ಸಡಿಲ ಮಾಡುವಾಗ ನಮ್ಮ ಸಿಸ್ಟರ್ ಕರೆದು ತೋರಿಸಿದರು. ಪಂಚೆ ಕಟ್ಟುವ ಜಾಗದಲ್ಲಿ, ಸೊಂಟದ ಮಡಿಕೆಯೊಳಗೆ, ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ. ಸ್ಕ್ರಬ್ ಟೈಫಸ್. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರುವ ಜ್ವರ ಅದು. ಡಾಕ್ಸಿಸೈಕ್ಲಿನ್ ಅನ್ನುವ ಅಗ್ಗದ ಮಾತ್ರೆಗೆ ಎರಡೇ ದಿನದಲ್ಲಿ ಜ್ವರ ಇಳಿಯಿತು. ಅವರು ಬದುಕಿದರು. ಆ ಎರಡು ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಅವತ್ತಿನಿಂದ ಜ್ವರದವರ ಕಂಕುಳು, ತೊಡೆಸಂದು, ಸೊಂಟ ನೋಡದೆ ಕಳಿಸುವುದಿಲ್ಲ. ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಕೇಳುವ ಪ್ರಶ್ನೆಗಳೂ ಹಾಗೇ. "ಊರಿಗೆ ಹೋಗಿದ್ದಿರಾ?" ಅನ್ನುವುದು ಯೋಗಕ್ಷೇಮದ ಮಾತಲ್ಲ. ಬೇಸಿಗೆಯಲ್ಲಿ ಸೊರಬ, ಸಾಗರ, ತೀರ್ಥಹಳ್ಳಿ ಕಡೆಯ ಕಾಡಂಚಿಗೆ ಹೋಗಿ ಬಂದವರಿಗೆ ಮಂಗನ ಕಾಯಿಲೆ ನೆನಪಾಗಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗುರುತಿಸಿದ ಕಾಯಿಲೆ ಅದು. ಉಣುಗು ಕಚ್ಚಿ ಬರುತ್ತದೆ, ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದಿದ್ದರೆ ಹೊಳೆಯುವುದೇ ಇಲ್ಲ. ಗದ್ದೆ ನೀರಿನಲ್ಲಿ, ತೋಟದ ಕಾಲುವೆಯಲ್ಲಿ ಬರಿಗಾಲಲ್ಲಿ ನಿಂತು ಬಂದು, ಮೀನಖಂಡ ಹಿಂಡಿದ ಹಾಗೆ ನೋಯುತ್ತಾ ಕಣ್ಣು ಕೆಂಪಾಗಿದ್ದರೆ ಇಲಿ ಜ್ವರ ಇರಬಹುದು. ಮಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡಿ ಬಂದವರು ಚಳಿ ನಡುಗುತ್ತಾ ಬಂದರೆ ಮೊದಲು ಮಲೇರಿಯಾಕ್ಕೆ ರಕ್ತ ನೋಡಬೇಕು. ಡಾಕ್ಟರು ಕೇಳದಿದ್ದರೆ ನೀವೇ ಹೇಳಿ. ಎಲ್ಲಿಗೆ ಹೋಗಿದ್ದೆವು, ಯಾವ ನೀರಿಗೆ ಇಳಿದಿದ್ದೆವು, ಮನೆಯಲ್ಲಿ, ಬೀದಿಯಲ್ಲಿ ಇನ್ನಾರಿಗೆ ಜ್ವರ ಇದೆ. ಬಾಯಿಗೆ ಥರ್ಮಾಮೀಟರ್ ಇಡುವುದಕ್ಕಿಂತ ಇದು ಮುಖ್ಯವಾಗುವ ಸಂದರ್ಭಗಳಿವೆ.

ಬೋರ್ಡ್ ಓದುವುದನ್ನು ಮರೆಯಬೇಡಿ. ಹೊಸ ಬಡಾವಣೆಗಳಲ್ಲಿ "ಡಾ." ಅಂತ ಇರುವ ಎಲ್ಲ ಬೋರ್ಡುಗಳೂ ಒಂದೇ ಅಲ್ಲ. ಹೆಸರಿನ ಮುಂದೆ ಎಂಬಿಬಿಎಸ್ ಇದೆಯಾ, ಬಿಎಎಂಎಸ್ ಇದೆಯಾ, ಬಿಎಚ್‌ಎಂಎಸ್ ಇದೆಯಾ ನೋಡಿ. ಆಯುರ್ವೇದ, ಹೋಮಿಯೋಪತಿ ಓದಿದವರ ಮೇಲೆ ನನಗೆ ಕೋಪ ಇಲ್ಲ. ತಾವು ಓದಿದ್ದನ್ನು ಬಿಟ್ಟು ಓದದೇ ಇರುವ ಔಷಧ ಬರೆಯುವವರ ಬಗ್ಗೆ ಮಾತ್ರ ನನ್ನ ತಕರಾರು. 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಒಂದು ಕೇಸ್ ಹೀಗೇ ಜ್ವರದ್ದು. 1992ರ ಜುಲೈ, ಮುಂಬೈ. ಜ್ವರ ಬಂದ ವ್ಯಕ್ತಿಗೆ ಹೋಮಿಯೋಪತಿ ಓದಿದ ಡಾಕ್ಟರು ಮೊದಲು ವೈರಲ್ ಜ್ವರ ಅಂತ, ಆಮೇಲೆ ಟೈಫಾಯ್ಡ್ ಅಂತ ಅಲೋಪತಿ ಔಷಧ ಕೊಟ್ಟರು. ಆ ವ್ಯಕ್ತಿ ತೀರಿಕೊಂಡರು. ಹೆಂಡತಿ ಕೋರ್ಟಿಗೆ ಹೋದರು. ಓದದೇ ಇರುವ ಪದ್ಧತಿಯಲ್ಲಿ ಚಿಕಿತ್ಸೆ ಕೊಟ್ಟದ್ದೇ ನಿರ್ಲಕ್ಷ್ಯ ಅಂತ ಕೋರ್ಟ್ ಹೇಳಿ, 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನಮ್ಮ ರಾಜ್ಯದಲ್ಲಿ ಪ್ರತಿ ಖಾಸಗಿ ಕ್ಲಿನಿಕ್ಕೂ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಬೇಕು, ಆ ಪ್ರಮಾಣಪತ್ರ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಗೋಡೆಯ ಮೇಲೆ ದೇವರ ಫೋಟೋ ಪಕ್ಕ ಅದೂ ಇದೆಯಾ ಅಂತ ಕಣ್ಣು ಹಾಯಿಸಿ.

ಇದನ್ನೆಲ್ಲ ಜ್ವರ ಬಂದ ರಾತ್ರಿ ಮಾಡಲಾಗದು. ಎಲ್ಲರೂ ಆರೋಗ್ಯವಾಗಿರುವ ಒಂದು ದಿನ, ಮಾವನ ಸಕ್ಕರೆ ಪರೀಕ್ಷೆಯ ನೆಪ ಮಾಡಿಕೊಂಡು ಹತ್ತಿರದ ಒಬ್ಬಿಬ್ಬರು ಡಾಕ್ಟರನ್ನು ನೋಡಿ ಬನ್ನಿ. ಔಷಧಿ ಅಂಗಡಿಯವರನ್ನು, ಮಗಳ ಶಾಲೆಯ ತಾಯಂದಿರನ್ನು ಕೇಳಿ. "ಯಾರು ಒಳ್ಳೆಯವರು?" ಅಂತ ಕೇಳಿದರೆ ಕೈಗುಣದ ಕಥೆಯೇ ಬರುತ್ತದೆ. "ಮಾತ್ರೆ ಕಡಿಮೆ ಬರೆಯುವವರು ಯಾರು? ರಾತ್ರಿ ಫೋನ್ ಎತ್ತುವವರು ಯಾರು? ತಮ್ಮ ಕೈಲಾಗದಿದ್ದರೆ ಬೇಗ ದೊಡ್ಡಾಸ್ಪತ್ರೆಗೆ ಕಳಿಸುವವರು ಯಾರು?" ಅಂತ ಕೇಳಿ ನೋಡಿ. ಭಾನುವಾರ ಅವರು ಸಿಗದಿದ್ದರೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಅವರನ್ನೇ ಕೇಳಿಟ್ಟುಕೊಳ್ಳಿ. ಹತ್ತಿರದಲ್ಲಿ "ನಮ್ಮ ಕ್ಲಿನಿಕ್" ಅನ್ನುವ ಹೆಸರಿನದು ಇದ್ದರೆ ಅದನ್ನೂ ಒಮ್ಮೆ ನೋಡಿ. 2022ರ ಡಿಸೆಂಬರ್‌ನಿಂದ ಶುರುವಾದ ಸರ್ಕಾರಿ ಕ್ಲಿನಿಕ್‌ಗಳು ಅವು. ಎಂಬಿಬಿಎಸ್ ಡಾಕ್ಟರು, ನರ್ಸ್, ಲ್ಯಾಬ್ ಟೆಕ್ನಿಷಿಯನ್ ಇರುತ್ತಾರೆ, ದುಡ್ಡು ಕೊಡಬೇಕಿಲ್ಲ. ಮೊದಲ ದಿನದ ಜ್ವರಕ್ಕೆ ಅದಕ್ಕಿಂತ ಜಾಸ್ತಿ ಬೇಕಾಗುವುದು ಅಪರೂಪ.

ಮಾವನ ವಿಷಯ ಬೇರೆ. ಸಕ್ಕರೆ ಕಾಯಿಲೆ ಇರುವ ವಯಸ್ಸಾದವರಿಗೆ ಜ್ವರ ಬಂದರೆ ಎರಡು ದಿನ ಕಾಯುವ ಲೆಕ್ಕ ಇಲ್ಲ. ಅವತ್ತೇ ಫಿಸಿಶಿಯನ್‌ಗೆ ತೋರಿಸಿ, ಅವರ ಸಕ್ಕರೆ ನೋಡಿಕೊಳ್ಳುವ ಡಾಕ್ಟರೇ ಆದರೆ ಇನ್ನೂ ಒಳ್ಳೆಯದು. ಚಳಿ ನಡುಗಿ ಜ್ವರ ಬಂದರೆ ಮೂತ್ರದ ಸೋಂಕು ಇರಬಹುದು, ಕಾಲಿನ ಬೆರಳ ಸಂದಿಯಲ್ಲಿ ಗಾಯ ಇರಬಹುದು. ಅಂಗಾಲು ನೋಡದ ಡಾಕ್ಟರಿಗೆ ನೀವೇ ತೋರಿಸಿ. ಈ ವಯಸ್ಸಿನಲ್ಲಿ ಎಷ್ಟೋ ಸಲ ಮೈ ಜಾಸ್ತಿ ಬಿಸಿಯಾಗುವುದೇ ಇಲ್ಲ. ಊಟ ಬೇಡ ಅನ್ನುತ್ತಾರೆ, ಹೆಸರು ತಪ್ಪಿ ಕರೆಯುತ್ತಾರೆ, ಸುಮ್ಮನೆ ಮಲಗಿಬಿಡುತ್ತಾರೆ. ಅದೇ ಅವರ ಜ್ವರ. ಜ್ವರದಲ್ಲಿ ಸಕ್ಕರೆ ಏರುಪೇರಾಗುತ್ತದೆ. ಊಟ ಬಿಟ್ಟಿದ್ದಾರೆ ಅಂತ ಸಕ್ಕರೆ ಮಾತ್ರೆ, ಇನ್ಸುಲಿನ್‌ಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಹಾಗೇ ಮುಂದುವರಿಸಲೂಬೇಡಿ, ಕೇಳಿ.

ಮಗಳಿಗೆ ಮಕ್ಕಳ ಡಾಕ್ಟರೇ ಆಗಲಿ. ಮಕ್ಕಳಿಗೆ ಔಷಧ ತೂಕದ ಮೇಲೆ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ, 20 ಕೆಜಿ ಮಗುವಿಗೆ 200ರಿಂದ 300 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಅಂಗಡಿಯಲ್ಲಿ ಸಿಗುವ ಸಿರಪ್‌ಗಳ ಗಾಢತೆ ಬೇರೆ ಬೇರೆ. 5 ಎಂಎಲ್‌ಗೆ 125 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. "ಒಂದು ಮುಚ್ಚಳ" ಅನ್ನುವ ಲೆಕ್ಕ ಕೆಲಸಕ್ಕೆ ಬಾರದು, ಬಾಟಲಿಯ ಮೇಲೆ ಓದಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ದಾಟಿದರೆ ಕ್ಲಿನಿಕ್ ಬೇಡ, ನೇರ ಆಸ್ಪತ್ರೆಗೆ. ನಿಮ್ಮ ಮನೆಯಲ್ಲಿ ಅಂಥ ಕೂಸಿಲ್ಲ, ಪಕ್ಕದ ಮನೆಯಲ್ಲಿದ್ದರೆ ಹೇಳಿ.

ಇಷ್ಟು ಹೇಳಿದ ಮೇಲೆ, ಯಾವ ಡಾಕ್ಟರು ಅಂತ ಯೋಚಿಸುತ್ತಾ ಕೂರಬಾರದ ಸಮಯವೂ ಒಂದಿದೆ. ಉಸಿರಾಟ ಕಷ್ಟವಾದರೆ, ಫಿಟ್ಸ್ ಬಂದರೆ, ಕತ್ತು ಬಗ್ಗಿಸಲಾಗದಷ್ಟು ಬಿಗಿಯಾಗಿ ತಲೆ ಸಿಡಿದರೆ, ಮಾತು ತೊದಲಿದರೆ, ಮಂಪರು ಕವಿದರೆ, ಆರೇಳು ಗಂಟೆ ಮೂತ್ರವೇ ಆಗದಿದ್ದರೆ 108ಕ್ಕೆ ಕರೆ ಮಾಡಿ, ಹತ್ತಿರದ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.

ಡೆಂಗಿಯಲ್ಲಿ ಎಲ್ಲರೂ ಮೋಸಹೋಗುವುದು ಜ್ವರ ಬಿಟ್ಟ ದಿನ. ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ರಕ್ತನಾಳಗಳಿಂದ ನೀರಿನಂಶ ಸೋರಿ ಬಿಪಿ ಇಳಿಯುವುದೂ ಆ ಹೊತ್ತಿನಲ್ಲೇ. ಜ್ವರ ಇಳಿದು ಮನುಷ್ಯ ಚೇತರಿಸಿಕೊಂಡರೆ ಸರಿ. ಜ್ವರ ಇಳಿದು ಹೊಟ್ಟೆ ನೋವು ಶುರುವಾದರೆ, ವಾಂತಿ ನಿಲ್ಲದಿದ್ದರೆ, ವಸಡಿನಲ್ಲಿ ರಕ್ತ ಬಂದರೆ, ಕೈಕಾಲು ತಣ್ಣಗಾದರೆ ತಕ್ಷಣ ಆಸ್ಪತ್ರೆಗೆ. ಅಲ್ಲಿ ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತಲೇ ಕೇಳುತ್ತಾರೆ. ತಿಳಿದ ಡಾಕ್ಟರು ಅದರ ಜೊತೆ ಪಿಸಿವಿ (ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನುವ ಅಳತೆ), ಬಿಪಿ, ಮೂತ್ರದ ಪ್ರಮಾಣ ನೋಡುತ್ತಾರೆ. ರಕ್ತಸ್ರಾವ ಇಲ್ಲದೆ, ಪ್ಲೇಟ್‌ಲೆಟ್ 10,000ಕ್ಕಿಂತ ಮೇಲಿದ್ದಾಗ ಸಾಮಾನ್ಯವಾಗಿ ಹೊರಗಿನಿಂದ ಹಾಕುವ ಅಗತ್ಯ ಇರುವುದಿಲ್ಲ. ಪ್ಲೇಟ್‌ಲೆಟ್ 60,000 ಅಂತ ರಾತ್ರೋರಾತ್ರಿ ದಾನಿಗಳನ್ನು ಹುಡುಕಲು ನಿಮ್ಮನ್ನು ಓಡಿಸಿದರೆ, ಯಾಕೆ ಅಂತ ಎರಡು ಸಲ ಕೇಳಿ.

ಹಾಗಾದರೆ ಸ್ಪೆಷಲಿಸ್ಟ್ ಬೇಡವೇ ಬೇಡವಾ? ಬೇಕಾಗುತ್ತಾರೆ. ಏಳು ದಿನವಾದರೂ ಜ್ವರ ಬಿಡದಿದ್ದರೆ, ಬಿಟ್ಟು ಬಿಟ್ಟು ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಲ್ಯಾಬ್ ಸೌಲಭ್ಯ ಚೆನ್ನಾಗಿರುವ ಆಸ್ಪತ್ರೆಯ ಫಿಸಿಶಿಯನ್ ಬೇಕು. ಅಲ್ಲಿಗೂ ಬಗೆಹರಿಯದಿದ್ದರೆ ಸೋಂಕು ರೋಗ ತಜ್ಞರು ಅಂತ ಬೇರೆಯೇ ಇದ್ದಾರೆ. ಕ್ಷಯ, ಹೃದಯದ ಕವಾಟದ ಸೋಂಕು, ಕೆಲವು ಸಂಧಿವಾತದ ಕಾಯಿಲೆಗಳು ಇಂಥ ಉದ್ದ ಜ್ವರದ ಹಿಂದೆ ಅಡಗಿರುತ್ತವೆ. ಆಗಲೂ ನಿಮ್ಮ ಬೀದಿಯ ಡಾಕ್ಟರ ಕೈಯಲ್ಲಿ ಒಂದು ಚೀಟಿ ಬರೆಸಿಕೊಂಡು ಹೋಗಿ. ಯಾವತ್ತು ಜ್ವರ ಶುರುವಾಯಿತು, ಏನು ಕಂಡೆ, ಏನು ಕೊಟ್ಟೆ ಅಂತ ನಾಲ್ಕು ಸಾಲು ಇದ್ದರೆ ದೊಡ್ಡಾಸ್ಪತ್ರೆಯವರಿಗೆ ಎರಡು ದಿನದ ಕೆಲಸ ಉಳಿಯುತ್ತದೆ.

ಕೊನೆಗೆ ನಿಮ್ಮ ಯಜಮಾನರ ಫೈಲ್. ಆ ವೈಡಾಲ್ ವರದಿ ಎಸೆಯಬೇಡಿ. ಆದರೆ ಮುಂದೆ ಯಾವ ಡಾಕ್ಟರ ಹತ್ತಿರವೂ "ಇವರಿಗೆ ಟೈಫಾಯ್ಡ್ ಆಗಿತ್ತು" ಅಂತ ಹೇಳಬೇಡಿ. "ವೈಡಾಲ್ ಪಾಸಿಟಿವ್ ಬಂದಿತ್ತು, ಕಲ್ಚರ್ ಮಾಡಿಸಿರಲಿಲ್ಲ" ಅಂತ ಹೇಳಿ. ಆ್ಯಂಟಿಬಯಾಟಿಕ್ ಪೂರ್ತಿ ತಗೊಂಡಿಲ್ಲದಿದ್ದರೆ, ಉಳಿದ ಮಾತ್ರೆ ಇನ್ನೂ ಫ್ರಿಜ್ ಮೇಲಿನ ಡಬ್ಬಿಯಲ್ಲಿರಬೇಕು, ಅಲ್ವಾ? ಮಗಳಿಗೆ ಜ್ವರ ಬಂದಾಗ ಅದನ್ನೇ ಅರ್ಧ ಮುರಿದು ಕೊಡುವ ಯೋಚನೆ ಬರುವ ಮೊದಲು ತೆಗೆದುಬಿಡಿ.